ನುಂಗದ ಸಿಹಿನೀರು

ಶಾಲೆಯಲ್ಲಿ ಪಾಠ ಮುಗಿಸಿ ಮರಳುವಾಗ ನನ್ನ ಸೈಕಲ್ಲಿನ ಚೈನು ತುಂಡಾದ ದಿನ ಕಡ್ಡಿಯ ಪರಿಚಯವಾಯಿತು. ರೈಲುಹಳಿಯ ಪಕ್ಕದ ರಿಪೇರಿ ಅಂಗಡಿ ಅವನದು. ಅದರ ಮೇಲಿನ ಕೋಣೆಯೇ ಅವನಿಗೂ ಅವನ ತಂಗಿಗೂ ಮನೆ. ತೀರಾ ತೆಳ್ಳಗಿದ್ದುದರಿಂದ ಎಲ್ಲರೂ ಅವನನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಅಂಗಡಿಯೊಳಗೆ, ಸ್ಟ್ಯಾಂಡಿಗೆ ಬಿಗಿದ ಸೈಕಲ್ಲಿನ ಮೇಲೆ ತಂಗಿ ಬೆವರು ಸುರಿಸುತ್ತ ಪೆಡಲು ತುಳಿಯುತ್ತಿದ್ದಳು. ನಡುನಡುವೆ ಬಾಟಲಿಯಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕೆನ್ನೆಯುಬ್ಬಿಸಿ ಮುಕ್ಕಳಿಸಿ, ಬಕೆಟ್ಟಿಗೆ ಉಗಿಯುತ್ತಿದ್ದಳು.

"ಹಲ್ಲುನೋವೇನಮ್ಮಾ?" ಎಂದೆ.

"ಇಲ್ಲ ಮೇಷ್ಟ್ರೇ, ಮೈಗೆ ಸುಳ್ಳು ಹೇಳ್ತಿದ್ದಾಳೆ," ಎಂದ ಕಡ್ಡಿ, ಚೈನಿನಿಂದ ಕಣ್ಣೆತ್ತದೆ.

"ನಾಳೆ ಬನ್ನಿ ಅಂತ ಇವನು ಎಲ್ರಿಗೂ ಹೇಳ್ತಾನಲ್ಲ, ಅಂಥದ್ದೇ ಸುಳ್ಳು," ಎಂದಳು ತಂಗಿ.

ಅದು ಸಕ್ಕರೆನೀರು. ಅವಳು ಸೈಕಲ್ ಪಂದ್ಯಗಳಿಗೆ ತಯಾರಾಗುತ್ತಿದ್ದಳು. ಸವಾರಿಯಲ್ಲಿ ಏನು ನುಂಗಿದರೂ ಅವಳಿಗೆ ವಾಂತಿಯಾಗುತ್ತಿತ್ತು. ಅದಕ್ಕೆ ತರಬೇತುದಾರರು ಈ ಉಪಾಯ ಹೇಳಿಕೊಟ್ಟಿದ್ದರು. ಬಾಯಿಗೆ ಸಕ್ಕರೆ ತಾಗಿದೊಡನೆ ಆಹಾರ ಬರುತ್ತಿದೆಯೆಂದು ಮಿದುಳು ನಂಬುತ್ತದೆ. ದಣಿದ ಕಾಲುಗಳಿಗೆ ಇನ್ನಷ್ಟು ತುಳಿಯಲು ಅಪ್ಪಣೆ ಕೊಡುತ್ತದೆ. ಒಂದು ಹನಿಯೂ ಹೊಟ್ಟೆಗಿಳಿಯಬೇಕಿಲ್ಲ. ಆದರೆ ಇದು ಒಂದು ಗಂಟೆಯಷ್ಟರ ಪಂದ್ಯಕ್ಕೆ ಮಾತ್ರ. ಅದಕ್ಕೂ ಉದ್ದವಾದರೆ ನುಂಗಲೇಬೇಕು, ನಂಬಿಕೆಯಿಂದ ರಕ್ತಕ್ಕೆ ಸಕ್ಕರೆ ಸೇರುವುದಿಲ್ಲ ಎಂದೂ ಅವರು ಎಚ್ಚರಿಸಿದ್ದರು.

ಆ ವರ್ಷದ ಚಿಕ್ಕ ಪಂದ್ಯಗಳನ್ನೆಲ್ಲ ಅವಳೇ ಗೆದ್ದಳು. ರಾಜ್ಯ ತಂಡಕ್ಕೆ ಆಯ್ಕೆಯಾಗಲು ದಿನವಿಡೀ ನಡೆಯುವ ಬೆಟ್ಟದ ಪಂದ್ಯವೊಂದು ಉಳಿದಿತ್ತು. ಅಪ್ಪ ಅಮ್ಮ ಇಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದ್ದ ಅಣ್ಣನಿಗೆ ಆ ಆಯ್ಕೆ ಅವಳಿಗಿಂತ ಹೆಚ್ಚಾಗಿ ಬೇಕಿತ್ತು.

ನಾನೂ ಜೊತೆಗೆ ಹೋಗಿದ್ದೆ. ಕೊನೆಯ ಏರಿನ ತುದಿಯಲ್ಲಿ ಅವನು ಒಂದು ಕೈಯಲ್ಲಿ ಸುಲಿದ ಬಾಳೆಹಣ್ಣು, ಇನ್ನೊಂದರಲ್ಲಿ ಆ ಬಾಟಲಿ ಹಿಡಿದು ನಿಂತಿದ್ದ. ಏರಿ ಬಂದ ಅವಳ ಮುಖ ಬಿಳಿಚಿಕೊಂಡಿತ್ತು. ಅಂಗಿಯ ಮೇಲೆ ವಾಂತಿಯ ಕಲೆಯಿತ್ತು. ಅವನು ಹಣ್ಣು ಚಾಚಿದ. ಅವಳು ಬೇಡವೆಂದು ತಲೆಯಾಡಿಸಿದಳು.

"ನುಂಗೋಕಾಗಲ್ಲ ಅಣ್ಣ. ಮತ್ತೆ ವಾಂತಿಯಾದ್ರೆ ಹಿಂದೆ ಬೀಳ್ತೀನಿ. ಬಾಟ್ಲಿ ಕೊಡು, ಸಾಕು."

ಹಿಂದಿನಿಂದ ಬರುತ್ತಿದ್ದವರತ್ತ ಒಮ್ಮೆ ನೋಡಿ, ಅವನು ಬಾಟಲಿ ಕೊಟ್ಟ.

ಅವಳು ಮುಕ್ಕಳಿಸಿ ಉಗಿದಳು. ಮುಖ ಅರಳಿದಂತಾಯಿತು, ಕಾಲುಗಳು ಚುರುಕಾದವು. ಕಡ್ಡಿ ನನ್ನ ಭುಜ ತಟ್ಟಿ ನಕ್ಕ. ಇಳಿಜಾರಿನ ಮೊದಲ ತಿರುವಿನಲ್ಲಿ ಅವಳು ತಿರುಗಲೇ ಇಲ್ಲ. ನೇರವಾಗಿ ಹೋಗಿ ಕಲ್ಲಿನ ತಡೆಗೋಡೆಗೆ ಬಡಿದಳು. ನಿದ್ದೆಹೋದವಳಂತೆ ಬ್ರೇಕು ಹಿಡಿಯಲೇ ಇಲ್ಲವೆಂದು ಹಿಂದಿದ್ದವರು ಹೇಳಿದರು. ರಕ್ತದಲ್ಲಿ ಸಕ್ಕರೆ ತಳಕಂಡಿತ್ತು ಎಂದರು ಡಾಕ್ಟರು.

ಪ್ರಾಣ ಉಳಿಯಿತು. ತಲೆಗೆ ಬಿದ್ದ ಪೆಟ್ಟಿನಿಂದ ಮಾತು ಹೋಯಿತು; ಬಾಯಿಗಿಟ್ಟದ್ದನ್ನು ನುಂಗಬೇಕೆಂಬುದೂ ಮರೆತುಹೋಯಿತು. ಯಾರೂ ಅಣ್ಣನನ್ನು ದೂರಲಿಲ್ಲ. ತರಬೇತುದಾರರು ಒಮ್ಮೆ ಬಂದು ನೋಡಿ ಹೋದರು.

ಈಗ ಕಡ್ಡಿ ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧಕ್ಕೆಳೆದು ಮೇಲೆ ಹೋಗುತ್ತಾನೆ. ಕೈಯ ಗ್ರೀಸನ್ನು ಉಜ್ಜಿ ತೊಳೆದು, ನುಣ್ಣಗೆ ಹಿಸುಕಿದ ಬಾಳೆಹಣ್ಣನ್ನು ಚಮಚದಿಂದ ಅವಳ ಬಾಯಿಗಿಡುತ್ತಾನೆ. ಅವಳು ಅದನ್ನು ಕೆನ್ನೆಯೊಳಗೇ ಇಟ್ಟುಕೊಂಡು ಅವನನ್ನು ನೋಡುತ್ತಾಳೆ. ಅವಳ ಗಂಟಲ ಮೇಲೆ ಎರಡು ಬೆರಳಿಟ್ಟು ಅವನು ಕಾಯುತ್ತಾನೆ.

"ನುಂಗು ಪುಟ್ಟಿ."

ಕೆಳಗಿನಿಂದ ಗಿರಾಕಿ ಯಾರಾದರೂ ಕೂಗಿದರೆ, ಬೆರಳು ತೆಗೆಯದೆಯೇ, ನಾಳೆ ಬನ್ನಿ ಎನ್ನುತ್ತಾನೆ.