ಕಾಲ ಹತ್ತಿರ ಏನಿದೆ

ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳುವವಳಲ್ಲ. "ಕಾಲ ಹತ್ತಿರ ಏನಿದೆ?" ಅಂತ ಕೇಳುತ್ತಾಳೆ. "ಚಪ್ಪಲಿ ಇದೆ ದೊಡ್ಡಮ್ಮ" ಅಂತ ಹೇಳಿ ನಾವು ಮಕ್ಕಳು ಕಿಸಕ್ಕನೆ ನಗುತ್ತಿದ್ದೆವು. ಅಮ್ಮ ನಗುತ್ತಿರಲಿಲ್ಲ. "ಇದ್ದದ್ದು ಹೇಳಿ ಸುಮ್ನಿರಿ, ಅವಳ ಹೊಟ್ಟೆ ಉರಿಸ್ಬೇಡಿ" ಅಂತ ಗದರುತ್ತಿದ್ದಳು.

ದೊಡ್ಡಮ್ಮನ ಕೆಲಸ ನೀರಿನ ಟ್ಯಾಂಕಿನ ಮೇಲಿನ ಕೋಣೆಯಲ್ಲಿ. ಮೂರು ಕಡೆ ಕಿಟಕಿ, ಒಂದು ಕುರ್ಚಿ, ಒಂದು ಫೋನು, ಗೋಡೆಯಲ್ಲಿ ಸೈರನ್ನಿನ ಕೆಂಪು ಹಿಡಿ. ನಮ್ಮ ಬಯಲಿನ ಮೇಲೆ ಬೇಸಿಗೆಯ ಮೋಡಗಳು ಆಗಾಗ ತಿರುಗುತ್ತಾ ಬಾಲ ಇಳಿಬಿಡುತ್ತವೆ. ಸುತ್ತು ಮೇಲೆಯೇ ಉಳಿದರೆ ಅದು ಆಲಿಕೆ ಮೋಡ. ನೋಡಿದವರ ಎದೆ ಝಲ್ಲೆಂದರೂ ಯಾರ ಕೂದಲೂ ಕೊಂಕುವುದಿಲ್ಲ. ಸುತ್ತು ನೆಲಕ್ಕೆ ತಾಗಿತೋ, ಅದು ಸುಂಟರಗಾಳಿ. ಆಲಿಕೆಗೆಲ್ಲ ಸೈರನ್ ಕೂಗಿಸಿ ಕೂಗಿಸಿ ಜನ ಅದನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದರು. ಅದಕ್ಕೇ ಮೇಲಿನವರ ಕಟ್ಟಪ್ಪಣೆ: ನೆಲ ಮುಟ್ಟಿದರೆ ಮಾತ್ರ ಹಿಡಿ ಎಳೆಯಬೇಕು.

ತೊಂದರೆ ಇದ್ದದ್ದು ಪಶ್ಚಿಮಕ್ಕೆ. ಅಲ್ಲಿ ಇಟ್ಟಿಗೆ ಗೂಡಿನ ಮಣ್ಣಿನ ದಿಬ್ಬ ಆಚೆಯ ನೆಲವನ್ನು ಮರೆಮಾಡುತ್ತಿತ್ತು. ಆ ಗೂಡಿನಲ್ಲಿ ದೊಡ್ಡಪ್ಪ ಮೇಸ್ತ್ರಿಯಾಗಿದ್ದರು. ಅನುಮಾನ ಬಂದಾಗಲೆಲ್ಲ ದೊಡ್ಡಮ್ಮ ಅವರಿಗೆ ಫೋನ್ ಮಾಡುವುದು, ಅವರು ಬಾಗಿಲಿಗೆ ಬಂದು ನೋಡಿ ಹೇಳುವುದು. ಇಬ್ಬರ ಸಂಸಾರದ ಅರ್ಧ ಮಾತು ಆ ತಂತಿಯ ಮೇಲೇ ನಡೆಯುತ್ತಿತ್ತು ಅಂತ ಅಮ್ಮ ಹೇಳುತ್ತಾಳೆ.

ಆ ಮಧ್ಯಾಹ್ನವೂ ಕೇಳಿದಳು. "ರೀ, ಬಾಲ ನೆಲ ಮುಟ್ಟಿದ್ಯಾ?"

ದೊಡ್ಡಪ್ಪ ತಲೆಯೆತ್ತಿ ನೋಡಿದರು. "ಇಲ್ಲ ಕಣೇ, ಅರ್ಧದಲ್ಲೇ ಜೋತಾಡ್ತಿದೆ. ನೀನು ಟೀ ಕುಡಿ."

ಅವರು ಸುಳ್ಳು ಹೇಳಲಿಲ್ಲ. ಬಾಲ ನಿಜವಾಗಿಯೂ ಅರ್ಧದಲ್ಲೇ ಇತ್ತು. ಆದರೆ ಕಣ್ಣಿಗೆ ಕಾಣುವುದು ಮೋಡ ಕಟ್ಟಿದಷ್ಟು ಮಾತ್ರ. ಅದರ ಕೆಳಗೆ ಬರಿಗಾಳಿ ಕಾಣದೆ ಸುತ್ತುತ್ತಾ ಆಗಲೇ ನೆಲಕ್ಕಿಳಿದಿತ್ತು. ಅದರ ಗುರುತು ಸಿಗುವುದು ನೆಲದ ದೂಳಿನಲ್ಲಿ. ದೊಡ್ಡಪ್ಪ ಕೆಳಗೆ ನೋಡಲಿಲ್ಲ, ಇವಳೂ ನೋಡಿ ಅನ್ನಲಿಲ್ಲ. ಹಿಡಿಯ ಮೇಲಿಟ್ಟಿದ್ದ ಕೈ ತೆಗೆದಳು. ಫೋನಿನಲ್ಲಿ ಇಟ್ಟಿಗೆ ಉರುಳುವ ಸದ್ದು ಬಂತು, ಆಮೇಲೆ ಏನೂ ಬರಲಿಲ್ಲ.

ಅಮ್ಮ ಎಷ್ಟು ಬೇಡಿಕೊಂಡರೂ ಅವಳು ಆ ಕೆಲಸ ಬಿಡಲಿಲ್ಲ. ಆವತ್ತಿನಿಂದ ಆಕಾಶ ಹೇಗಿದೆ ಅಂತ ಒಬ್ಬರನ್ನೂ ಕೇಳಿಲ್ಲ. ದೊಡ್ಡವಳಾಗಿ ಇದೆಲ್ಲ ತಿಳಿದ ಮೇಲೂ ಅವಳ ಫೋನ್ ಬಂದರೆ ನನಗೆ ಸಿಡುಕು ಬರುತ್ತಿತ್ತು. ಜೊತೆಗೆ ಭಯವೂ ಆಗುತ್ತಿತ್ತು, ಆ ಪ್ರಶ್ನೆ ಅವಳು ಕೇಳುತ್ತಿರುವುದು ನನ್ನನ್ನಲ್ಲ ಅಂತ.

ಈಗ ಗೂಡಿದ್ದ ಜಾಗದಲ್ಲಿ ನಾನು ಕೆಲಸ ಮಾಡುವ ಬಟ್ಟೆ ಕಾರ್ಖಾನೆ ಇದೆ. ದಿಬ್ಬ ಹಾಗೇ ಇದೆ. ಈ ಬೇಸಿಗೆ ಒಂದು ಮಧ್ಯಾಹ್ನ ನಾವೆಲ್ಲ ಬಾಗಿಲಲ್ಲಿ ನಿಂತು, ಅರ್ಧದಲ್ಲಿ ಜೋತಾಡುವ ಬಾಲವನ್ನು ನೋಡುತ್ತಿದ್ದೆವು. "ಬರೀ ಆಲಿಕೆ, ನಡೀರಿ ಮಿಷಿನ್ ಹತ್ರ" ಅಂದರು ಸೂಪರ್‌ವೈಸರ್. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು.

"ಕಾಲ ಹತ್ತಿರ ಏನಿದೆ?"

ಚಪ್ಪಲಿ ಅನ್ನಲು ಬಾಯಿ ತೆರೆದು ಕೆಳಗೆ ನೋಡಿದೆ. ಅಂಗಳದ ಬಟ್ಟೆ ಚೂರುಗಳು ಎದ್ದು ಒಂದೇ ಸಮನೆ ಸುತ್ತುತ್ತಿದ್ದವು.

"ಬಟ್ಟೆ ಚೂರು ದೊಡ್ಡಮ್ಮ. ಸುತ್ತಾ ಇವೆ."

ಸೈರನ್ ಕೂಗಿತು. ಬಟ್ಟೆ ಕತ್ತರಿಸುವ ಮೇಜುಗಳ ಕೆಳಗೆ ನುಗ್ಗಿದೆವು. ಛಾವಣಿ ಹಾರಿಹೋಯಿತು, ನಾವೆಲ್ಲ ಉಳಿದೆವು.

ನೆಟ್ಟಗೆ ಹೋಗಿ ಟ್ಯಾಂಕಿನ ಮೆಟ್ಟಿಲು ಹತ್ತಿದೆ. ಅವಳನ್ನು ತಬ್ಬಿಕೊಂಡು ಅಳಬೇಕು ಅನಿಸಿತ್ತು. ದೊಡ್ಡಮ್ಮ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಫೋನಿನ ತಂತಿ ಗಾಳಿಗೆ ಹರಿದು ಕಿಟಕಿಯ ಹೊರಗೆ ನೇತಾಡುತ್ತಿತ್ತು. ರಿಸೀವರ್ ಇನ್ನೂ ಅವಳ ಕಿವಿಯಲ್ಲೇ ಇತ್ತು.

"ಮಗು ನೋಡಿ ಹೇಳಿದ್ಲು ರೀ" ಅನ್ನುತ್ತಿದ್ದಳು. "ನೀವೂ ಹೇಳಿ ಈಗ. ಅವತ್ತು ನಾನು ಕೇಳ್ಲಿಲ್ಲ. ನಿಮ್ಮ ಕಾಲ ಹತ್ತಿರ ಏನಿತ್ತು?"