ರೊಟ್ಟಿ ನೀಲವ್ವನ ಎಡಗೈ

ತಮಿಳು ಸೀಮೆಯ ಪಲ್ಲಾವರಂನಲ್ಲಿರುವ ನಮ್ಮ ಕಡೆಯ ಮನೆಗಳಿಗೆಲ್ಲ ಜೋಳದ ರೊಟ್ಟಿ ಬಡಿದುಕೊಡುವ ನೀಲವ್ವನಂಥವರಿಗೆ ನೋವು ನಿಂತರೆ ಸಾಕು, ಕೈ ವಾಸಿಯಾಯಿತೆಂದೇ ಲೆಕ್ಕ. ದಿನಕ್ಕೆ ಇನ್ನೂರು ರೊಟ್ಟಿ ಬಡಿದು ಬಡಿದು ಎಡ ಮಣಿಕಟ್ಟಿನಲ್ಲಿ ಹೆಬ್ಬೆರಳನ್ನು ಎಳೆಯುವ ಹುರಿ ಬಾತಿದೆ, ಆರು ವಾರ ಪಟ್ಟಿ ಬಿಚ್ಚಬೇಡಿ, ಆಮೇಲೂ ಮೊದಲ ವಾರ ಹತ್ತೇ ರೊಟ್ಟಿ, ನೋಯದಿದ್ದರೆ ಮುಂದಿನ ವಾರ ಇಪ್ಪತ್ತು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಇವಳು ಎಂಟನೇ ದಿನಕ್ಕೇ ಪಟ್ಟಿ ಬಿಚ್ಚಿ ಹಿಟ್ಟಿನ ಡಬ್ಬಿಯ ಮೇಲಿಟ್ಟು, "ಬ್ಯಾನಿ ಹೋತಲ್ಲ ಯಕ್ಕಾ, ಇನ್ನ ಇದನ್ನ ಕಟ್ಗೊಂಡು ಯಾರಿಗೆ ತೋರಿಸ್ಲಿ?" ಎಂದು ನನ್ನನ್ನೇ ಕೇಳುತ್ತಾಳೆ, ಅಂದೇ ಇನ್ನೂರೂ ಬಡಿಯುತ್ತಾಳೆ. ಕೈ ಮತ್ತೆ ಬಾಯುತ್ತದೆ, ಮತ್ತೆ ಆಸ್ಪತ್ರೆ. "ತಿರುಂಬ ವಂದುಟ್ಟೀಂಗಳಾ ಪಾಟ್ಟಿ?", ಮತ್ತೆ ಬಂದುಬಿಟ್ಟಿರಾ ಅಜ್ಜಿ, ಎಂದು ನರ್ಸ್ ಹುಡುಗಿ ತಮಿಳಿನಲ್ಲಿ ಕೇಳಿ ನಕ್ಕರೆ, "ನಾ ಎಲ್ಲಿ ಬಂದೆನವಾ, ಕೈಯೇ ಎಳಕೊಂಡ ಬಂತು" ಎಂದು ತಾನೂ ನಗುತ್ತಾಳೆ. ಈ ಬಿಚ್ಚುವುದು ಕಟ್ಟುವುದು ಎರಡು ವರ್ಷ ನಡೆಯಿತು. ಈಗ ಆ ಕೈಯಲ್ಲಿ ನೀರಿನ ಲೋಟವೂ ನಿಲ್ಲುವುದಿಲ್ಲ, ಇನ್ನು ಪೂರ್ತಿ ಸರಿಹೋಗುವುದು ಕಷ್ಟವೆಂದು ಡಾಕ್ಟರಮ್ಮನೂ ಹೇಳಿಬಿಟ್ಟರು. ಅದಕ್ಕೂ ಅವಳು ಏನೋ ಒಂದು ತಮಾಷೆ ಮಾಡಿದಳು. ಆದರೆ ಮೊನ್ನೆ ಬೆಳಿಗ್ಗೆ ನಾನು ಹೋದಾಗ ಲಿಂಗಪೂಜೆಗೆ ಕೂತಿದ್ದಳು. ಇಷ್ಟಲಿಂಗ ಅಂಗೈಯಿಂದ ಜಾರಿದರೆ ಬದುಕಿದ್ದೂ ಸತ್ತಂತೆ ಎಂದು ಕಲಿತು ಬೆಳೆದವರು ನಾವು. ಲಿಂಗ ಹಿಡಿದ ಎಡಗೈ ನಡುಗುತ್ತಿತ್ತು, ಬಲಗೈ ಅದನ್ನು ಕೆಳಗಿನಿಂದ ಬಿಗಿಯಾಗಿ ಹಿಡಿದಿತ್ತು, ಮಡಿಲಲ್ಲಿ ದಪ್ಪ ಟವಲೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡಿದ್ದಳು.