ಮರದ ಮೀನಿನ ಬಣ್ಣ

ಕೊರಳಲ್ಲಿ ಲಿಂಗ, ಮನೆಯೊಳಗೆ ಮೊಟ್ಟೆಯೂ ಬರುವುದಿಲ್ಲ. ಆದರೂ ಮೀನುಗಳನ್ನು ಮರುಳು ಮಾಡಲು ಗಾಳಕ್ಕೆ ಕಟ್ಟುವ ಮರದ ಪುಟ್ಟ ಮೀನು ಕೆತ್ತಿ, ಬಣ್ಣ ಬಳಿದು, ವಾರ್ನಿಷ್ ಹೊಡೆಯುವ ಹುಚ್ಚು ನನಗೆ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿ ಹೊಸದೊಂದನ್ನು ಗಾಳಕ್ಕೆ ಕಟ್ಟಿ ಮಲಪ್ರಭೆಗೆ ಎಸೆದೆ. ನಿಜವಾದ ಮೀನೇ ಕಚ್ಚಿಬಿಟ್ಟಿತು! ಒದ್ದಾಡುವ ಅದರ ಬಾಯಿಂದ ಕೊಕ್ಕೆ ಬಿಡಿಸಲು ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಮುದುಕರೊಬ್ಬರು ಬಂದು ಬಿಡಿಸುವಷ್ಟರಲ್ಲಿ ಅದು ಸತ್ತಿತ್ತು.

"ತಗೋರಿ, ಮನಿಗೆ ಒಯ್ರಿ," ಎಂದರು.

"ನಾವು ತಿನ್ನಂಗಿಲ್ರಿ."

"ಮತ್ತ ಯಾಕ ಹಿಡದ್ರಿ?"

"ನೀರಾಗ ಬಣ್ಣ ಹೋಗತೈತೇನಂತ ನೋಡಾಕ್ರಿ."

ಅವರು ಬಯ್ಯಲಿಲ್ಲ. ನನ್ನ ಮರದ ಮೀನಿಗೆ ಹತ್ತಿದ್ದ ರಕ್ತವನ್ನು ಹೆಬ್ಬೆರಳಿನಿಂದ ಒರೆಸಿ, ಬಿಸಿಲಿಗೆ ಹಿಡಿದು ನೋಡಿದರು.

"ಎಲ್ಲೂ ಹೋಗಿಲ್ಲ ಬಿಡ್ರಿ. ಗಟ್ಟಿ ಬಣ್ಣ ಐತಿ."

ಈ ಹುಚ್ಚಿಗೆ ನನಗೆ ಸಿಕ್ಕ ಮೊದಲ ಶಹಬ್ಬಾಸ್‌ಗಿರಿ ಅದು. ಇವತ್ತಿಗೂ ಮನೆಯಲ್ಲಿ ಹೇಳಿಲ್ಲ.